ಪೆಪ್ಪರೋನಿ ಅಂದ್ರೆ ಮೆಣಸಾ, ಮಾಂಸಾನಾ? ಈ ಪದ ಎಲ್ಲಿಂದ ಬಂತು?

ಶಿರಾದ ಮಗಳು

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಯಾಕೆ ಕೇಳುತ್ತಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ.

ಅಪ್ಪ ಅಮ್ಮ ಮೂರು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದಾರೆ, ನ್ಯೂಜೆರ್ಸಿಗೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟುವವರಲ್ಲ. ಹೋದ ಶನಿವಾರ ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅವರೇ ಪಿಜ್ಜಾ ಅಂಗಡಿಯೊಳಗೆ ಹೋಗಿ ಆರ್ಡರ್ ಕೊಟ್ಟಿದ್ದರು. ಬೋರ್ಡಿನಲ್ಲಿ ಚಿಕನ್, ಬೇಕನ್, ಸಾಸೇಜ್ ಅಂತ ಇದ್ದದ್ದನ್ನೆಲ್ಲ ಬಿಟ್ಟು ‘ಪೆಪ್ಪರೋನಿ’ ಅಂತ ಇದ್ದದ್ದನ್ನು ಆರಿಸಿದ್ದಾರೆ. ಪೆಪ್ಪರ್ ಅಂದ್ರೆ ಮೆಣಸು, ಇಲ್ಲದಿದ್ರೆ ದಪ್ಪ ಮೆಣಸಿನಕಾಯಿ, ಇನ್ನೇನಿರುತ್ತೆ ಅಂತ ಅಪ್ಪನ ಲೆಕ್ಕ. ನಾವು ವೆಜಿಟೇರಿಯನ್ ಅಂತ ಕೌಂಟರಿನ ಹುಡುಗನಿಗೆ ಹೇಳಿದ್ದರಂತೆ. ಅವನು ತಲೆಯಾಡಿಸಿ ದುಡ್ಡು ತಗೊಂಡಿದ್ದಾನೆ.

ನಾನು ಒಳಗೆ ಬಂದಾಗ ಅಮ್ಮ ಒಂದು ತುಂಡು ಕೈಯಲ್ಲಿ ಹಿಡಿದು ಆರಲಿ ಅಂತ ಊದುತ್ತಿದ್ದಳು. ಮೇಲೆ ಕೆಂಪು ಬಿಲ್ಲೆಗಳು. ಅಂಚು ಮೇಲೆದ್ದು ಒಂದೊಂದೂ ಪುಟ್ಟ ಬಟ್ಟಲಿನ ಹಾಗೆ ಆಗಿತ್ತು, ಒಳಗೆ ಕಿತ್ತಳೆ ಬಣ್ಣದ ಎಣ್ಣೆ ನಿಂತಿತ್ತು. ‘ಟೊಮೇಟೊ ಬಿಲ್ಲೆ ಕಣೇ’ ಅಂದಳು. ಅಪ್ಪ ಅಷ್ಟರಲ್ಲಿ ಒಂದು ತುತ್ತು ನುಂಗಿಯಾಗಿತ್ತು. ವಿಷಯ ಹೇಳಿದ ಮೇಲೆ ಅವರು ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಂದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಾನು ಜೊತೆಗಿರಬೇಕಿತ್ತು, ಅದು ನನ್ನ ತಪ್ಪು. ಆದರೆ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಮಾಂಸಕ್ಕೆ ಮೆಣಸಿನ ಹೆಸರು ಯಾಕಿಟ್ಟರು? ಇದು ಇಟಲಿಯ ಪದ ಅಂತಾರೆ. ಅಲ್ಲೂ ಇದೇ ಅರ್ಥಾನಾ? ಅಪ್ಪ ದಿನಾ ಕೇಳುತ್ತಿದ್ದಾರೆ, ನನಗೆ ಉತ್ತರ ಗೊತ್ತಿಲ್ಲ.

ಹಾಸನ್ ಎಕ್ಸ್‌ಪ್ರೆಸ್

ಓದಿ ತುಂಬಾ ಬೇಜಾರಾಯ್ತು ಅಕ್ಕ. ಊರಲ್ಲಿ ಪೊಟ್ಟಣದ ಮೇಲೆ, ಮೆನು ಕಾರ್ಡಿನ ಮೇಲೆ ಹಸಿರು ಚುಕ್ಕೆ ನೋಡಿ ನೋಡಿ ನಮಗೆ ಅಭ್ಯಾಸ. ಅಲ್ಲಿ ಹೆಸರನ್ನೇ ನಂಬಬೇಕು. ಹೆಸರೇ ಹೀಗಿದ್ರೆ ಹಿರಿಯರು ಏನು ಮಾಡ್ತಾರೆ? ಅಪ್ಪನಿಗೆ ಹೇಳಿ, ಗೊತ್ತಿಲ್ಲದೆ ಆದದ್ದಕ್ಕೆ ದೋಷ ಇಲ್ಲ.

ಮಿಲಾನೋ ಕನ್ನಡಿಗ

ಹನ್ನೊಂದು ವರ್ಷದಿಂದ ಇಟಲಿಯಲ್ಲಿದ್ದೇನೆ, ಹಾಗಾಗಿ ಇದಕ್ಕೆ ಉತ್ತರ ಕೊಡಬಲ್ಲೆ. ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು ಹೇಳಿ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಅಂಗಡಿ ಇಟಲಿಯಲ್ಲಿ ಇದ್ದಿದ್ದರೆ ಅವರು ಅಂದುಕೊಂಡದ್ದೇ ತಟ್ಟೆಗೆ ಬರುತ್ತಿತ್ತು.

ಇಲ್ಲಿ ‘ಪೆಪೆರೋನಿ’ ಅಂದರೆ ದಪ್ಪ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಮ್. ಬೇರೆ ಅರ್ಥ ಇಲ್ಲವೇ ಇಲ್ಲ. ಒಂದು ಕಾಯಿಯಾದರೆ ‘ಪೆಪೆರೋನೆ’, ಒಂದಕ್ಕಿಂತ ಜಾಸ್ತಿ ಇದ್ದರೆ ‘ಪೆಪೆರೋನಿ’. ತರಕಾರಿ ಅಂಗಡಿಯಲ್ಲಿ ಕೆಂಪು, ಹಳದಿ, ಹಸಿರು ರಾಶಿ ಹಾಕಿ ಮುಂದೆ ಚೀಟಿ ಚುಚ್ಚಿಟ್ಟಿರುತ್ತಾರೆ, ‘ಪೆಪೆರೋನಿ’ ಅಂತ. ‘ಪಿಜ್ಜಾ ಆಯ್ ಪೆಪೆರೋನಿ’ ಕೇಳಿದರೆ ಸುಟ್ಟ ಕ್ಯಾಪ್ಸಿಕಮ್ ಪಟ್ಟಿಗಳು ಬರುತ್ತವೆ. ಅಮೆರಿಕದಿಂದ ಬಂದ ಪ್ರವಾಸಿಗಳು ಇದನ್ನು ನೋಡಿ ತಟ್ಟೆ ವಾಪಸ್ ಕಳಿಸುವುದನ್ನು ನಾನೇ ನೋಡಿದ್ದೇನೆ. ಅವರು ಕೇಳುವ ಆ ಖಾರದ ಮಾಂಸದ ಬಿಲ್ಲೆ ಬೇಕಾದರೆ ಇಲ್ಲಿ ‘ಸಲಾಮೆ ಪಿಕ್ಕಾಂತೆ’ ಅನ್ನಬೇಕು, ಅಂದರೆ ಖಾರದ ಸಲಾಮೆ. ಸಲಾಮೆ ಅಂದರೆ ಅರೆದ ಮಾಂಸವನ್ನು ಉರುಳೆ ಮಾಡಿ ಒಣಗಿಸಿದ್ದು. ಪಿಜ್ಜಾ ಹೆಸರು ‘ಪಿಜ್ಜಾ ಅಲ್ಲಾ ದಿಯಾವೊಲಾ’, ದೆವ್ವದ ಪಿಜ್ಜಾ ಅಂತ.

ಇನ್ನು ಆ ಪದ ಕಟ್ಟಿರುವ ರೀತಿ ನೋಡಿ. ಇದು ನನಗೆ ತುಂಬಾ ಇಷ್ಟ. ‘ಪೆಪೆ’ ಅಂದರೆ ಕಾಳುಮೆಣಸು. ಅದಕ್ಕೆ ‘ಓನೆ’ ಅನ್ನುವ ಬಾಲ ಸೇರಿದರೆ ‘ದೊಡ್ಡದು’ ಅನ್ನುವ ಅರ್ಥ. ಪೆಪೆ, ಪೆಪೆರೋನೆ. ಮೆಣಸು, ದಪ್ಪ ಮೆಣಸು. ನಾವು ಕ್ಯಾಪ್ಸಿಕಮ್‌ಗೆ ದಪ್ಪ ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ ಅಂತ ಹೆಸರು ಕಟ್ಟಿದ್ದು ಹೇಗೋ ಅವರೂ ಹಾಗೇ ಕಟ್ಟಿದ್ದಾರೆ. ‘ಮಿನೆಸ್ತ್ರಾ’ ಸೂಪು, ‘ಮಿನೆಸ್ತ್ರೋನೆ’ ತರಕಾರಿ ಬೇಳೆ ತುಂಬಿದ ದೊಡ್ಡ ಸೂಪು. ಚಿಕ್ಕದು ಅಂತ ಹೇಳುವ ಬಾಲವೂ ಇದೆ. ಅದನ್ನು ಪೆಪೆರೋನೆಗೆ ಸೇರಿಸಿದರೆ ‘ಪೆಪೆರೊಂಚೀನೊ’. ಅಂದರೆ ನಮ್ಮ ಖಾರದ ಸಣ್ಣ ಮೆಣಸಿನಕಾಯಿ. ಮೊದಲು ದೊಡ್ಡದು ಮಾಡಿ, ಆಮೇಲೆ ಚಿಕ್ಕದು ಮಾಡಿದ್ದಾರೆ!

ಇದೇ ಪದ ಬೇರೆ ದೇಶಗಳಲ್ಲಿ ಬೇರೆ ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಮಾತಾಡುವವರಿಗೂ ಪೆಪೆರೋನಿ ಅಂದರೆ ಕ್ಯಾಪ್ಸಿಕಮ್. ಗಡಿ ದಾಟಿ ಜರ್ಮನಿಗೆ ಹೋದರೆ ಅದೇ ಪದಕ್ಕೆ ಖಾರದ ಮೆಣಸಿನಕಾಯಿ ಅನ್ನುವ ಅರ್ಥ. ಅಲ್ಲಿ ಪಿಜ್ಜಾ ಮೇಲೆ ಪೆಪೆರೋನಿ ಕೇಳಿದರೆ ಉಪ್ಪಿನಕಾಯಿ ಹಾಕಿದ ಹಸಿರು ಮೆಣಸಿನಕಾಯಿ ಬರುತ್ತದೆ. ಮಾಂಸದ ಅರ್ಥ ಬಂದದ್ದು ಅಮೆರಿಕದ ಇಂಗ್ಲಿಷಿನಲ್ಲಿ.

ದೊಣ್ಣೆಬಿರಿಯಾನಿ

ಅಂದ್ರೆ ಅಮೆರಿಕದವರು ತಪ್ಪು ಮಾಡಿದ್ದಾರೆ ಅಂತ ಆಯ್ತಲ್ವಾ? ಇಟಲಿಯ ಪದ ತಗೊಂಡು ಅರ್ಥ ಕೆಡಿಸಿಬಿಟ್ಟರು. ಸ್ಪೆಲಿಂಗ್ ಕೂಡ ಬೇರೆ.

ಹುಬ್ಬಳ್ಳಿ ಗಿರ್ಮಿಟ್

ತಪ್ಪು ಅಂತ ನಾನು ಒಪ್ಪೋದಿಲ್ಲ ಸರ್.

ನಮ್ಮ ಹುಬ್ಬಳ್ಳಿಯ ಯಾವುದೇ ಗಾಡಿ ಮುಂದೆ ನಿಂತು ‘ಎರಡು ಮಿರ್ಚಿ ಕೊಡ್ರಿ’ ಅನ್ನಿ. ಏನು ಕೊಡ್ತಾರೆ? ಬುಟ್ಟಿಯಿಂದ ಎರಡು ಹಸಿಮೆಣಸಿನಕಾಯಿ ತೆಗೆದು ಕೈಗೆ ಕೊಡ್ತಾರಾ? ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಭಜಿ ಕೊಡ್ತಾರೆ. ಗಿರ್ಮಿಟ್ ಮಿರ್ಚಿ ಅಂದರೆ ಮಿರ್ಚಿ ಭಜಿ ಅಂತ ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ದಾವಣಗೆರೆ ಕಡೆ ಹೋದರೆ ಮಂಡಕ್ಕಿ ಮೆಣಸಿನಕಾಯಿ ಅಂತಾರೆ, ಅದೂ ಅಷ್ಟೇ. ಒಳಗಿರುವ ಪದಾರ್ಥದ ಹೆಸರು ತಿಂಡಿಯ ಹೆಸರಾಗಿಬಿಟ್ಟಿದೆ. ಭಜಿ ಅನ್ನೋದು ಉದುರಿಹೋಗಿದೆ. ಇದನ್ನು ಯಾರಾದರೂ ತಪ್ಪು ಅಂತಾರಾ?

ಪೆಪ್ಪರೋನಿ ಕಥೆಯೂ ಇದೇ. 19ನೇ ಶತಮಾನದ ಕೊನೆ, 20ನೇ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಇಟಲಿಯ ಲಕ್ಷಾಂತರ ಬಡವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರ ಊರುಗಳಲ್ಲಿ, ಅದರಲ್ಲೂ ಕಲಾಬ್ರಿಯಾ ಕಡೆ, ಕೆಂಪು ಮೆಣಸಿನಕಾಯಿ ಹಾಕಿ ಒಣಗಿಸಿದ ಮಾಂಸದ ಸಲಾಮೆ ಮಾಡುವ ರೂಢಿ ಇತ್ತು. ಹೊಸ ದೇಶದಲ್ಲಿ ಕಸಾಯಿ ಅಂಗಡಿ ತೆರೆದವರು ಅಲ್ಲಿ ಸಿಗುವ ಹಂದಿ ಮಾಂಸ, ದನದ ಮಾಂಸ ಎರಡನ್ನೂ ನುಣ್ಣಗೆ ಅರೆದು, ಮೆಣಸಿನಕಾಯಿ ಪುಡಿ ಬೆರೆಸಿ, ಹುಳಿ ಬರಿಸಿ ಒಣಗಿಸಿ ಹೊಸದೊಂದು ಸಲಾಮೆ ಮಾಡಿದರು. ಮೆಣಸಿನಕಾಯಿ ಹಾಕಿದ್ದು ಅನ್ನುವ ಗುರುತೇ ಅದರ ಹೆಸರಾಯಿತು. ಇಂಗ್ಲಿಷಿನಲ್ಲಿ ‘ಪೆಪ್ಪರ್’ ಬರೆಯುವಾಗ ನಡುವೆ ಎರಡು ‘ಪಿ’ ಇರುತ್ತೆ, ಅದೇ ಅಭ್ಯಾಸ ಈ ಪದಕ್ಕೂ ಬಂತು. ಇಟಲಿಯಲ್ಲಿ ನಡುವೆ ಒಂದೇ. ಹಾಗಾಗಿ ಎರಡು ‘ಪಿ’ ಕಂಡರೆ ಮಾಂಸ, ಒಂದು ‘ಪಿ’ ಕಂಡರೆ ತರಕಾರಿ ಅಂತ ನೆನಪಿಟ್ಟುಕೊಳ್ಳಬಹುದು.

ಕಲ್ಲಿದ್ದಲಿನ ಗಣಿ ಕೆಲಸಕ್ಕೆ ವೆಸ್ಟ್ ವರ್ಜೀನಿಯಾಕ್ಕೆ ಹೋದ ಇಟಲಿಯವರೂ ಬಹಳ ಜನ. ನೆಲದ ಕೆಳಗೆ ಇಡೀ ದಿನ ಕೆಲಸ, ಬಿಸಿ ಮಾಡುವ ಅನುಕೂಲ ಇಲ್ಲ, ಕೆಡದ ಬುತ್ತಿ ಬೇಕು. ಫೇರ್‌ಮಾಂಟ್ ಅನ್ನುವ ಊರಿನಲ್ಲಿ ಜುಸೆಪ್ಪೆ ಆರ್ಜಿರೋ ಅನ್ನುವವರ ಬೇಕರಿಯಲ್ಲಿ 1920ರ ದಶಕದ ಕೊನೆಯ ಹೊತ್ತಿಗೆ ಬ್ರೆಡ್ ಹಿಟ್ಟಿನೊಳಗೇ ಪೆಪ್ಪರೋನಿ ಕಡ್ಡಿಗಳನ್ನಿಟ್ಟು ಸುಡಲು ಶುರು ಮಾಡಿದರು. ಬೇಯುವಾಗ ಅದರ ಕೆಂಪು ಎಣ್ಣೆ ಬ್ರೆಡ್ಡಿಗೆ ಇಳಿಯುತ್ತೆ. ಅದೇ ‘ಪೆಪ್ಪರೋನಿ ರೋಲ್’. 2021ರಲ್ಲಿ ಅದನ್ನು ಆ ರಾಜ್ಯದ ಅಧಿಕೃತ ತಿನಿಸು ಅಂತ ಘೋಷಿಸಿದರು. ನಮ್ಮ ಹೊಲದ ಬುತ್ತಿ ಹಾಗೇ ಅದು. ಕಷ್ಟಪಟ್ಟು ದುಡಿದವರ ಬಾಯಲ್ಲಿ ಬೆಳೆದ ಪದ. ಅದನ್ನು ಸುಮ್ನೆ ತಪ್ಪು ಅಂತ ತಳ್ಳಿಹಾಕಬಾರದು ಅನ್ನೋದು ನನ್ನ ಅಭಿಪ್ರಾಯ.

ದೊಣ್ಣೆಬಿರಿಯಾನಿ

ಮಿರ್ಚಿ ಉದಾಹರಣೆ ಸರಿಯಾಗಿದೆ. ಒಪ್ಪಿದೆ.

ಕಾಪು ಕಡಲು

ಅರ್ಥ ಪಲ್ಲಟ ಆಗೋದಕ್ಕೆ ಅಮೆರಿಕದ ತನಕ ಹೋಗಬೇಕಾಗಿಲ್ಲ. ಉಡುಪಿಯಿಂದ ಮೈಸೂರಿಗೆ ಹೋದರೂ ಸಾಕು.

ನಾನು ಮೈಸೂರಿನಲ್ಲಿ ಓದುವಾಗ ಮಂಡ್ಯದ ಗೆಳತಿಯ ಜೊತೆ ರೂಮಿನಲ್ಲಿದ್ದೆ. ಒಂದು ದಿನ ನನಗೆ ಜ್ವರ. ಮಲಗಿದಲ್ಲಿಂದಲೇ ಅವಳಿಗೆ ಸಾರು ಮಾಡುವುದು ಹೇಳಿಕೊಡುತ್ತಿದ್ದೆ. ‘ಕೊತ್ತಂಬರಿ, ಜೀರಿಗೆ, ಮೆಂತೆ ಹುರಿ, ಆರು ಮೆಣಸು ಹಾಕು’ ಅಂದೆ. ನಮ್ಮ ಕಡೆ ಸುಮ್ನೆ ಮೆಣಸು ಅಂದರೆ ಕೆಂಪು ಒಣಮೆಣಸಿನಕಾಯಿ. ಅವಳು ಡಬ್ಬಿ ತೆಗೆದು ಎಣಿಸಿ ಆರು ಕಾಳುಮೆಣಸು ಹಾಕಿದಳು. ಸಾರಿಗೆ ಬಣ್ಣವೂ ಇಲ್ಲ, ಖಾರವೂ ಇಲ್ಲ. ‘ನೀನು ಹೇಳಿದ್ದೇ ಹಾಕಿದ್ದೀನಲ್ಲೇ’ ಅಂತ ಅವಳಿಗೆ ಅಳು ಬಂದುಬಿಟ್ಟಿತ್ತು. ಅವಳು ಹೇಳಿದ್ದು ಸರಿ. ನಾನು ಹೇಳಿದ್ದೂ ಸರಿ.

ನಮ್ಮಲ್ಲಿ ಕಾಳುಮೆಣಸಿಗೆ ‘ಒಳ್ಳೆ ಮೆಣಸು’ ಅನ್ನುತ್ತೇವೆ. ತುಳುವಿನಲ್ಲೂ ‘ಮುಂಚಿ’ ಅಂದರೆ ಮೆಣಸಿನಕಾಯಿ, ಕಾಳುಮೆಣಸಿಗೆ ‘ಎಡ್ಡೆ ಮುಂಚಿ’. ಎಡ್ಡೆ ಅಂದರೆ ಒಳ್ಳೆಯದು. ಯೋಚನೆ ಮಾಡಿ ನೋಡಿ. ಕಾಳುಮೆಣಸು ಈ ಮಣ್ಣಿನದೇ ಬಳ್ಳಿ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ 16ನೇ ಶತಮಾನದಲ್ಲಿ ಬಂದದ್ದು. ಹೊಸಬ ಬಂದು ಹೆಸರನ್ನು ಪೂರ್ತಿ ತಗೊಂಡುಬಿಟ್ಟ, ಹಳಬನಿಗೆ ‘ಒಳ್ಳೆ’ ಅಂತ ಸೇರಿಸಿ ಕರೆಯಬೇಕಾಯಿತು.

ಮಲೆನಾಡ ಬಳ್ಳಿ

ಕಾಪು ಅಕ್ಕ, ನಿಮ್ಮ ಮಾತು ಓದಿ ಸುಮ್ನಿರೋಕೆ ಆಗಲಿಲ್ಲ. ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಮರಕ್ಕೊಂದು ಮೆಣಸಿನ ಬಳ್ಳಿ ಇದೆ. ಈ ಪದದ ಬೇರು ಹುಡುಕುತ್ತಾ ಹೋದರೆ ಅದು ನಮ್ಮ ತೋಟದ ಬೇಲಿಗೇ ಬಂದು ನಿಲ್ಲುತ್ತೆ.

ಪೆಪ್ಪರೋನಿ ಬಂದದ್ದು ಇಟಲಿಯ ಪೆಪೆಯಿಂದ. ಪೆಪೆ ಬಂದದ್ದು ಲ್ಯಾಟಿನ್ನಿನ ‘ಪಿಪೆರ್’ನಿಂದ. ಅದು ಗ್ರೀಕಿನ ‘ಪೆಪೆರಿ’ಯಿಂದ. ಗ್ರೀಕರಿಗೆ ಎಲ್ಲಿಂದ ಬಂತು? ಇಲ್ಲಿಂದ. ಸಂಸ್ಕೃತ, ಪ್ರಾಕೃತಗಳ ‘ಪಿಪ್ಪಲಿ’ ಅದು. ನಡುವೆ ಪರ್ಶಿಯನ್ನರ ಬಾಯಿಗೆ ಬಿದ್ದಾಗ ‘ಲ’ ಹೋಗಿ ‘ರ’ ಆಯಿತು ಅಂತ ಪದಮೂಲ ಬಲ್ಲವರು ಹೇಳುತ್ತಾರೆ. ಕನ್ನಡದಲ್ಲಿ ಅದೇ ಪಿಪ್ಪಲಿಯ ಮೊದಲ ‘ಪ’ ಹೋಗಿ ‘ಹ’ ಬಂತು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪುಲಿ ಹುಲಿಯಾದಂತೆ. ಪಿಪ್ಪಲಿ ‘ಹಿಪ್ಪಲಿ’ ಆಯಿತು. ಶೀತ ಆದಾಗ ಅಜ್ಜಿ ಕುಟ್ಟಿ ಕಷಾಯಕ್ಕೆ ಹಾಕುತ್ತಿದ್ದರಲ್ಲ, ಉದ್ದಕ್ಕೆ, ಕಪ್ಪಗೆ, ಮೈಮೇಲೆಲ್ಲ ಸಣ್ಣ ಗುಳ್ಳೆಗಳಿರುವ ಕಡ್ಡಿ, ಅದೇ. ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ತ್ರಿಕಟು. ಅಂದರೆ ಹಿಪ್ಪಲಿ ಮತ್ತು ಪೆಪ್ಪರೋನಿ ಒಂದೇ ಬೇರಿನ ಎರಡು ಚಿಗುರು. ಇದನ್ನು ಮೊದಲ ಸಲ ತಿಳಿದಾಗ ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಒಂದು ವಿಷಯ ಗಮನಿಸಿ. ಪಿಪ್ಪಲಿ ಕಾಳುಮೆಣಸಿನ ಹೆಸರಲ್ಲ, ಕಾಳುಮೆಣಸಿಗೆ ಸಂಸ್ಕೃತದಲ್ಲಿ ‘ಮರೀಚ’ ಅಂತ ಬೇರೆ ಹೆಸರಿದೆ. ಗ್ರೀಕರು, ರೋಮನ್ನರು ಹಿಪ್ಪಲಿಯ ಹೆಸರನ್ನೇ ಕಾಳುಮೆಣಸಿಗೂ ಹಾಕಿದರು. ಆ ಕಾಲದಲ್ಲಿ ಹಿಪ್ಪಲಿಗೇ ಬೆಲೆ ಜಾಸ್ತಿ. ರೋಮಿನ ಲೇಖಕ ಪ್ಲಿನಿ 1ನೇ ಶತಮಾನದಲ್ಲಿ ಬರೆದಿಟ್ಟ ಲೆಕ್ಕದಲ್ಲಿ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಕಾಳುಮೆಣಸಿಗೆ ಬರೀ 4. ಕ್ರಿ.ಶ. 408ರಲ್ಲಿ ಗೋಥ್ ಅನ್ನುವ ಜನಾಂಗದ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತಿದಾಗ ಬಿಟ್ಟುಹೋಗಲು ಕೇಳಿದ್ದು ಚಿನ್ನ, ಬೆಳ್ಳಿ, ರೇಷ್ಮೆ, ಅದರ ಜೊತೆಗೆ 3000 ಪೌಂಡು ಮೆಣಸು. ಚಿನ್ನದ ಪಕ್ಕ ಮೆಣಸು!

ಹಿಪ್ಪಲಿಯ ಹೆಸರು ಕಾಳುಮೆಣಸಿಗೆ ಹೋದದ್ದು ಮೊದಲ ಪಲ್ಲಟ. ಎರಡನೆಯದಕ್ಕೆ ಕೊಲಂಬಸ್ ಕಾರಣ. ಮೆಣಸು ಹುಡುಕಿಕೊಂಡು ನಮ್ಮ ಕಡೆ ಬರಬೇಕು ಅಂತ ಹೊರಟವನು 1492ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಮುಟ್ಟಿದ. ಅಲ್ಲಿನವರು ತಿನ್ನುತ್ತಿದ್ದ ಖಾರದ ಕಾಯಿ ನೋಡಿ ಇದು ಅವರ ಮೆಣಸು, ನಮ್ಮ ಮೆಣಸಿಗಿಂತ ಚೆನ್ನಾಗಿದೆ ಅಂತ ಬರೆದುಕೊಂಡ. ಗಿಡ ನೋಡಿದರೆ ಸಂಬಂಧವೇ ಇಲ್ಲ. ಮೆಣಸಿನಕಾಯಿ ಬದನೆ, ಟೊಮೇಟೊ ಕುಟುಂಬದ್ದು. ಮೆಣಸು ವೀಳ್ಯದೆಲೆಯ ಬಳಗದ ಬಳ್ಳಿ. ಖಾರ ಇದೆ ಅನ್ನುವ ಒಂದೇ ಕಾರಣಕ್ಕೆ ಮೆಣಸಿನ ಹೆಸರು ಈ ಕಾಯಿಗೆ ಹೋಯಿತು. ಇಟಲಿಯವರು ಅದಕ್ಕೆ ‘ಓನೆ’ ಸೇರಿಸಿದರು, ನಾವು ‘ಕಾಯಿ’ ಸೇರಿಸಿದೆವು. ಯಾರೂ ಯಾರನ್ನೂ ಕೇಳಿ ಮಾಡಿದ್ದಲ್ಲ. ಮೂರನೇ ಪಲ್ಲಟ ಹುಬ್ಬಳ್ಳಿಯವರು ಹೇಳಿದ್ದು, ಕಾಯಿಯಿಂದ ಮಾಂಸಕ್ಕೆ.

ನಮ್ಮ ಕಡೆಯ ನೆನಪೂ ಒಂದಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತಲೇ ಕರೆಯುತ್ತಿದ್ದರು. ಆಮೇಲೆ 1623ರಲ್ಲಿ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಗೇರುಸೊಪ್ಪೆ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಕೆಳದಿ ವೆಂಕಟಪ್ಪ ನಾಯಕನ ಕಾಲ. ತನ್ನ ಭಾಷೆಯಲ್ಲಿ ಪೆಪೆ ಅನ್ನುವ ವಸ್ತು ಬಳ್ಳಿಯಾಗಿ ಬೆಳೆಯುವ ನಾಡಿನಲ್ಲೇ ಆ ಇಟಲಿಯವನು ನಡೆದುಹೋಗಿದ್ದಾನೆ. ನಾನು ಆ ಘಟ್ಟ ಇಳಿಯುವಾಗಲೆಲ್ಲ ಅವನನ್ನು ನೆನೆಸುತ್ತೇನೆ.

ಬ್ಯಾಡಗಿ ಬಜಾರ್

ಮಾಹಿತಿಗೆ ಧನ್ಯವಾದ. ನಾನು ಮೆಣಸಿನಕಾಯಿ ವ್ಯಾಪಾರದವನು, ಹಾವೇರಿ ಜಿಲ್ಲೆ. ಒಂದು ಸೇರಿಸ್ತೀನಿ. ಪೆಪ್ಪರೋನಿಗೆ ಆ ಕೆಂಪು ಬಣ್ಣ ಬರೋದು ಪ್ಯಾಪ್ರಿಕಾ ಪುಡಿಯಿಂದ. ಖಾರ ಕಡಿಮೆ, ಬಣ್ಣ ಜಾಸ್ತಿ ಇರೋ ಮೆಣಸಿನಕಾಯಿ ಪುಡಿ ಅದು. ನಮ್ಮ ಬ್ಯಾಡಗಿಯ ಗುಣವೂ ಅದೇ, ಅದಕ್ಕೇ ಇದನ್ನು ಪ್ಯಾಪ್ರಿಕಾ ಜೊತೆ ಹೋಲಿಸ್ತಾರೆ. ಸುಕ್ಕುಗಟ್ಟಿದ ಕಾಯಿಯಿಂದ ಬಣ್ಣದ ಎಣ್ಣೆ ತೆಗೆದು ಹೊರದೇಶಗಳಿಗೆ ಕಳಿಸ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಪಿಜ್ಜಾ ಬಟ್ಟಲಿನಲ್ಲಿ ನಿಂತ ಕಿತ್ತಳೆ ಎಣ್ಣೆ ಅಂತ ಅಕ್ಕ ಬರೆದಿದ್ದಾರಲ್ಲ, ಆ ಬಣ್ಣ ನಾವು ದಿನಾ ಕೈಯಲ್ಲಿ ನೋಡೋದೇ. ತೊಳೆದರೂ ಉಗುರಿನಿಂದ ಹೋಗಲ್ಲ.

ಮಿಲಾನೋ ಕನ್ನಡಿಗ

ಬ್ಯಾಡಗಿಯವರೇ, ಪ್ಯಾಪ್ರಿಕಾ ಅನ್ನುವ ಪದವೂ ಇದೇ ಮನೆತನದ್ದು. ಸರ್ಬಿಯಾ, ಕ್ರೊಯೇಷಿಯಾ ಕಡೆ ಮೆಣಸಿಗೆ ‘ಪಾಪರ್’ ಅಂತಾರೆ, ಅದೂ ಲ್ಯಾಟಿನ್ನಿನ ಪಿಪೆರ್‌ನಿಂದಲೇ. ಅದು ಹಂಗೇರಿಗೆ ಹೋಗಿ ಪ್ಯಾಪ್ರಿಕಾ ಆಗಿ ಲೋಕಕ್ಕೆಲ್ಲ ಹಬ್ಬಿತು. ಅಂದರೆ ಪೆಪ್ಪರೋನಿಯ ಹೆಸರೂ ಹಿಪ್ಪಲಿಯಿಂದ, ಅದಕ್ಕೆ ಬಣ್ಣ ಕೊಡುವ ಪುಡಿಯ ಹೆಸರೂ ಹಿಪ್ಪಲಿಯಿಂದ.

ವ್ಯಾಕರಣದ ಮೇಷ್ಟ್ರು

ಒಂದು ಸಣ್ಣ ವಿಷಯ. ಪೆಪೆರೋನಿ ಬಹುವಚನ ಅಂದಿರಿ. ಇಂಗ್ಲಿಷಿನವರು ಅದನ್ನು ಏಕವಚನದ ಹಾಗೆ ಬಳಸುತ್ತಾರೆ. ಪಾನೀನಿಗೂ ಇದೇ ಆಗಿದೆ, ಇಟಲಿಯಲ್ಲಿ ಒಂದಾದರೆ ಪಾನೀನೊ. ಸಲಾಮಿಯೂ ಬಹುವಚನ, ಒಂದಾದರೆ ಸಲಾಮೆ. ನಾವೂ ‘ಚಿಪ್ಸ್‌ಗಳು’, ‘ಶೂಸ್‌ಗಳು’ ಅನ್ನುತ್ತೇವಲ್ಲ, ಬಹುವಚನದ ಮೇಲೆ ಇನ್ನೊಂದು ಬಹುವಚನ. ಮಕ್ಕಳ ಉತ್ತರಪತ್ರಿಕೆಯಲ್ಲಿ ಕಂಡರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ಎಳೆಯುವುದಿಲ್ಲ.

ಶಿರಾದ ಮಗಳು

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿ ಹೇಳಿದೆ. ಇಟಲಿಯಲ್ಲಾಗಿದ್ದರೆ ನೀವು ಅಂದುಕೊಂಡದ್ದೇ ಬರುತ್ತಿತ್ತು ಅನ್ನುವ ಸಾಲನ್ನು ಎರಡು ಸಲ ಓದಿಸಿಕೊಂಡರು. ಹಿಪ್ಪಲಿ ಅಂತ ಬಂದ ತಕ್ಷಣ ಅಮ್ಮ ಎದ್ದು ಒಳಗೆ ಹೋದಳು. ಊರಿಂದ ತಂದ ಔಷಧಿ ಡಬ್ಬಿಯಲ್ಲಿ ಒಂದು ಪೊಟ್ಟಣ ಇತ್ತು, ಅಳಿಯನಿಗೆ ಕೆಮ್ಮು ಬಂದರೆ ಇರಲಿ ಅಂತ ತಂದಿದ್ದಳಂತೆ. ಅದನ್ನು ಟೇಬಲ್ ಮೇಲೆ ಸುರಿದಳು. ಅಪ್ಪ ಒಂದು ಹಿಪ್ಪಲಿ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ‘ಇದರಿಂದ ಅದಕ್ಕೆ ಹೆಸರು ಬಂತಾ’ ಅಂದರು. ಆ ಶನಿವಾರದಿಂದ ಅವರು ಪಿಜ್ಜಾ ವಿಷಯ ಎತ್ತಿದಾಗಲೆಲ್ಲ ಮುಖ ಸಣ್ಣದಾಗುತ್ತಿತ್ತು. ನಿನ್ನೆ ಹಾಗಾಗಲಿಲ್ಲ.

ಇನ್ನು ಮುಂದೆ ಬರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ. ಅಮೆರಿಕದಲ್ಲಿ ತಂದೆತಾಯಿ ಜೊತೆ ಹೋದಾಗ ‘ಪೆಪ್ಪರೋನಿ’ ಅಂದರೆ ಮಾಂಸ ಅಂತ ಮೊದಲೇ ಹೇಳಿಬಿಡಿ. ದಪ್ಪ ಮೆಣಸಿನಕಾಯಿ ಬೇಕಿದ್ದರೆ ‘ಗ್ರೀನ್ ಪೆಪ್ಪರ್’ ಅಥವಾ ‘ಬೆಲ್ ಪೆಪ್ಪರ್’ ಅನ್ನಬೇಕು, ಇಲ್ಲಿ ಕ್ಯಾಪ್ಸಿಕಮ್ ಅಂದರೆ ಎಷ್ಟೋ ಜನಕ್ಕೆ ಅರ್ಥ ಆಗುವುದಿಲ್ಲ. ‘ಪೆಪ್ಪರೊಂಚಿನಿ’ ಅಂತ ಇದ್ದರೆ ಅದು ಹುಳಿಯಲ್ಲಿ ನೆನೆಸಿದ ಹಸಿರು ಮೆಣಸಿನಕಾಯಿ, ತಿನ್ನಬಹುದು. ವೆಜಿಟೇರಿಯನ್ ಅಂತ ಹೇಳಿದರೆ ಸಾಲದು, ‘ನೋ ಮೀಟ್’ ಅಂತ ಬಿಡಿಸಿ ಹೇಳಿ, ಅವರು ಒಪ್ಪಿದ್ದು ಕೇಳಿಸಿಕೊಂಡು ಆಮೇಲೆ ದುಡ್ಡು ಕೊಡಿ.

ಮಲೆನಾಡಿನ ಅಣ್ಣನಿಗೆ ಅಪ್ಪನ ಕಡೆಯಿಂದ ಒಂದು ಪ್ರಶ್ನೆ. ನಿಮ್ಮ ತೋಟದಲ್ಲಿ ಹಿಪ್ಪಲಿ ಬಳ್ಳಿಯೂ ಇದೆಯಾ? ಶಿರಾದ ಒಣ ಹವೆಯಲ್ಲಿ ಕುಂಡದಲ್ಲಿಟ್ಟರೆ ಬದುಕುತ್ತಾ ಅಂತ ಕೇಳುತ್ತಿದ್ದಾರೆ.

ಮಲೆನಾಡ ಬಳ್ಳಿ

ಇದೆ ತಂಗಿ. ಅದಕ್ಕೆ ನೆರಳು, ತೇವ ಎರಡೂ ಬೇಕು. ಬಚ್ಚಲ ನೀರು ಹೋಗುವ ಕಡೆ ನೆರಳಿನಲ್ಲಿ ದೊಡ್ಡ ಕುಂಡದಲ್ಲಿಟ್ಟು, ಮಣ್ಣು ಒಣಗದ ಹಾಗೆ ನೋಡಿಕೊಂಡರೆ ಬದುಕಬಹುದು. ಅಪ್ಪ ಊರಿಗೆ ಬಂದ ಮೇಲೆ ಹೇಳಿ. ಗೆಣ್ಣು ಇರುವ ಬಳ್ಳಿ ತುಂಡು ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಶಿರಾದ ಬಸ್ಸಿಗೆ ಹಾಕಿ ಕಳಿಸುತ್ತೇನೆ.